ಮೈಕ್‌ಸೆಟ್ ಕೋದಂಡರಾಮಪ್ಪನವರ ಕಿವಿ

ನಮ್ಮ ಮಾವನವರು ಕೋದಂಡರಾಮಪ್ಪ ಯಲ್ದೂರಿನಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದರು. ಮದುವೆಯಾಗಲಿ, ಎಲೆಕ್ಷನ್ ಆಗಲಿ, ಹುಣಸೆಮರಕ್ಕೆ ಅವರ ಎರಡು ಹಾರ್ನ್ ಏರಿದ ಮೇಲೆಯೇ ಕೆಲಸ ಶುರುವಾಯಿತೆಂದು ಊರಿಗೆ ಗೊತ್ತಾಗುತ್ತಿತ್ತು. ಶ್ರೀರಾಮನವಮಿಗೆ ಭಜನೆ ಮಂದಿರದಲ್ಲಿ ಹದಿನಾರು ವರ್ಷ ಅವರದೇ ಸೆಟ್ಟು. ಅದು ಅವರ ಸೇವೆ. ಹಿಂದಿನ ದಿನವೇ ಹಾರ್ನ್‌ಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಡುತ್ತಿದ್ದರು.

ಎಂಬತ್ತೊಂದರ ಸಂಕ್ರಾಂತಿ ಕಳೆದ ಮೇಲೆ ಎದುರುಮನೆಯ ಕದಿರೇಶ ಮೇಷ್ಟ್ರು ಬೆಂಗಳೂರಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಪೆಟ್ಟಿಗೆಯಲ್ಲಿ ತಟ್ಟೆಯಗಲದ ಎರಡು ಸ್ಪೀಕರು, ಅಂಗೈಯಷ್ಟರ ಇನ್ನೆರಡು, ತಾಮ್ರದ ತಂತಿಯ ಸುರುಳಿಗಳು, ಒಂದು ನಕ್ಷೆ. ಮರದ ಗೂಡನ್ನು ನಾವೇ ಮಾಡಿಕೊಳ್ಳಬೇಕಂತೆ. ಮೇಷ್ಟ್ರು ಶ್ರೀನಿವಾಸಪುರದ ಸಾಮಿಲ್ಲಿನಿಂದ ದಪ್ಪನೆಯ ಮಾವಿನ ಹಲಗೆ ತರಿಸಿ, ರಜೆಯಿದ್ದಾಗಲೆಲ್ಲ ಜಗಲಿಯಲ್ಲಿ ಉಜ್ಜಿದರು. ಒಳಗೆ ತುಂಬಲು ನಾರು ಬೇಕೆಂದು ನಕ್ಷೆಯಲ್ಲಿತ್ತು. ಅವರ ಹೆಂಡತಿ ಆದಿಲಕ್ಷ್ಮಿ ರೇಷ್ಮೆಗೂಡು ಬಿಡಿಸಿದ ಬಿದಿರಿನ ಚಂದ್ರಿಕೆಗಳಿಗೆ ಅಂಟಿ ಉಳಿದ ಜುಂಗು ಕಿತ್ತು ಒಂದು ಬುಟ್ಟಿ ಕೊಟ್ಟಳು.

ಮಾವನವರು ನಮ್ಮ ಜಗಲಿಯಿಂದಲೇ ನೋಡುತ್ತಿದ್ದರು.

"ಏಮಯ್ಯಾ ಮೇಷ್ಟ್ರೇ, ಬಾದಾಮಿ ಮಾವಿನಹಣ್ಣು ತುಂಬಿ ಬಾಂಬೆಗೆ ಕಳಿಸ್ತೀಯಾ?"

"ಮೊದಲು ನಿಮ್ಗೇ ಕೇಳಿಸ್ತೀನಿ ಬನ್ನಿ, ಕೋದಂಡಣ್ಣ."

"ನಂಗೆ ಕೇಳ್ಸೋನು ನೀನು. ಸರಿ ಬಿಡು."

ಪೆಟ್ಟಿಗೆಗಳು ಹಾಡಿದ ದಿನ ಕೇರಿಯವರೆಲ್ಲ ಹೋದರು. ಮೂರು ದಿನ ತಡೆದು ಮಾವನವರೂ ಹೋದರು, ಜೊತೆಗೆ ನಾನಿದ್ದೆ. ಮೇಷ್ಟ್ರು ನಾಗಸ್ವರದ ರೆಕಾರ್ಡು ಹಾಕಿದರು. ಊದುವವನ ಉಸಿರು ಸಹ ಕೇಳಿಸುತ್ತಿತ್ತು. ಮಾವನವರ ಮುಖ ಬಿಗಿದುಕೊಂಡಿತು. ಡೋಲು ಶುರುವಾದಾಗ ಒಂದು ಕ್ಷಣ ತಲೆ ಓರೆ ಮಾಡಿದರು. ಆಮೇಲೆ ಆ ಮುಖದಲ್ಲಿ ನೆಮ್ಮದಿ ಕಂಡಿತು. ಅದು ನನಗೆ ಹಿಡಿಸಲಿಲ್ಲ.

ಮನೆಗೆ ಬಂದು ಚೊಂಬಿನ ನೀರು ಕುಡಿಯುತ್ತ ತಮ್ಮಷ್ಟಕ್ಕೆ ಎಂದರು: "ಒಂದು ತಳ್ಳುತ್ತೆ, ಇನ್ನೊಂದು ಎಳೆಯುತ್ತೆ. ಡೋಲು ಎಲ್ಲಿಂದ ಬರ್ಬೇಕು?"

ನಾನು ಕೇಳಲಿಲ್ಲ, ಅವರು ಬಿಡಿಸಿ ಹೇಳಲಿಲ್ಲ. ಹಿಂದೊಮ್ಮೆ ಮುಳಬಾಗಿಲಿನ ಮದುವೆಯೊಂದರಲ್ಲಿ ಒಂದು ಸ್ಪೀಕರಿಗೆ ತಂತಿ ಅದಲುಬದಲು ಕೊಟ್ಟು, ಜೋಡಿ ಸ್ಪೀಕರಿನ ದಪ್ಪ ಸದ್ದೆಲ್ಲ ಒಂದನ್ನೊಂದು ನುಂಗಿಹಾಕಿದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದರು. ನನಗೆ ಅದು ನೆನಪಾಯಿತು.

ನವಮಿ ಹತ್ತಿರವಾಯಿತು. ಮಂದಿರದ ಹಿರಿಯರು ವೆಂಕಟರಾಯಪ್ಪನವರು ಬಂದು ಜಗಲಿಯ ಅಂಚಿನಲ್ಲೇ ಕೂತರು. "ಈ ಸಲ ಮೇಷ್ಟ್ರ ಪೆಟ್ಟಿಗೆ ಇಡಾಣ ಅಂತ ಹುಡುಗ್ರು ಅಂತಾವ್ರೆ, ಕೋದಂಡ. ನಾಳೆ ಮಂದಿರ್ದಾಗೆ ಹಾಕಿ ನೋಡ್ತಾರಂತೆ."

"ಇಡ್ಲಿ. ನಂದೇನೈತೆ."

ಅವತ್ತು ಅವರು ಮಧ್ಯಾಹ್ನದ ಮುದ್ದೆ ಮುಟ್ಟಲಿಲ್ಲ. ಮಾರನೆಯ ದಿನ ಮಂದಿರದಲ್ಲಿ ನಾಗಸ್ವರ ಹಾಕಿದಾಗ ಕಂಬಕ್ಕೊರಗಿ ನಿಂತು ಕೇಳಿದರು. ಕೊನೆಗೆ ವೆಂಕಟರಾಯಪ್ಪನವರು ತಲೆ ಕೆರೆದುಕೊಂಡು, "ಸಣ್ಣಗೆ ಚೆಂದಾಗೈತೆ ಮೇಷ್ಟ್ರೇ. ಆದ್ರೆ ಡೋಲಿನೋನು ಮನೇಲೇ ಉಳ್ಕೊಂಡಂಗೈತೆ. ಈ ವರ್ಷಕ್ಕೆ ಕೋದಂಡನ ಸೆಟ್ಟೇ ಇರ್ಲಿ" ಎಂದರು. ಎಲ್ಲರೂ ನಕ್ಕರು. ಮಾವನವರೂ ನಕ್ಕರು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದೆ. ಏನೂ ಕೇಳಿಕೊಳ್ಳಲಿಲ್ಲ, ಯಾರ ಪರವಾಗಿ ಕೇಳಬೇಕೋ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಬಾವಿಕಟ್ಟೆಯಲ್ಲಿ ಆದಿಲಕ್ಷ್ಮಿ ಸಿಕ್ಕಳು. "ಹಲಗೇದೇ ತಪ್ಪು ಅಂತಾರೆ ಕಣಕ್ಕ. ಭಾನುವಾರ ಒಡೆದು ಒಲೆಗೆ ಹಾಕ್ತಾರಂತೆ. ಸರಿಯಾಗಿ ಉಂಡಿಲ್ಲ" ಎಂದಳು. ಅವಳ ಉಗುರಿನ ಸಂದಿಯಲ್ಲಿ ಪೆಟ್ಟಿಗೆಗೆ ತಿಕ್ಕಿದ ಮೇಣದ ಹಳದಿ ಇನ್ನೂ ಇತ್ತು.

ಮಾವನವರಿಗೆ ಬಡಿಸುತ್ತ ಅಷ್ಟನ್ನೇ ಹೇಳಿದೆ: "ಮೇಷ್ಟ್ರು ಪೆಟ್ಟಿಗೆ ಒಡೆದು ಒಲೆಗೆ ಹಾಕ್ತಾರಂತೆ, ಮಾವ."

"ಹಾಕ್ಕೊಳ್ಲಿ." ಸಾರು ಕಲೆಸಿದರು. ಮತ್ತೆ ಕಲೆಸಿದರು. "ಉಸಿರು ಸೈತ ಕೇಳುಸ್ತಿತ್ತು ಕಣಮ್ಮ ಅದರಾಗೆ. ನನ್ನ ಹಾರ್ನಿನಾಗೆ ಯಾವತ್ತು ಕೇಳೈತೆ?"

ಭಾನುವಾರ ಬೆಳಿಗ್ಗೆ ಟಾರ್ಚಿನಿಂದ ಒಂದು ಶೆಲ್ಲು ತೆಗೆದುಕೊಂಡು ಎದುರುಮನೆಗೆ ನಡೆದರು. ನಾನು ಹಿಂದೆ ಹೋದೆ. ಮೇಷ್ಟ್ರ ಕೈಯಲ್ಲಿ ಕೊಡಲಿ ಇತ್ತು. ಮಾವನವರು ಆಂಪ್ಲಿಫಯರಿನಿಂದ ತಂತಿಗಳನ್ನು ಬಿಚ್ಚಿ, ಕೆಂಪನ್ನು ಶೆಲ್ಲಿನ ತಲೆಗೆ, ಕಪ್ಪನ್ನು ಬುಡಕ್ಕೆ ಮುಟ್ಟಿಸಿದರು. ಎಡಗಡೆಯ ಸ್ಪೀಕರಿನ ಕಾಗದ ಮುಂದೆ ಬಂತು. ಬಲಗಡೆಯದಕ್ಕೆ ಹಾಗೆಯೇ ಮುಟ್ಟಿಸಿದರು, ಹಿಂದೆ ಹೋಯಿತು. ಅದರ ತಂತಿಗಳನ್ನು ಅದಲುಬದಲು ಮಾಡಿ ಕಟ್ಟಿದರು.

"ಹಾಕು."

ಡೋಲಿಗೆ ಕೋಲು ಬಿದ್ದದ್ದು ನನ್ನ ಎದೆಗೆ ತಾಗಿತು. ಆದಿಲಕ್ಷ್ಮಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಮೇಷ್ಟ್ರು ಕೊಡಲಿ ಕೆಳಗಿಟ್ಟು ಕೇಳಿದರು:

"ಯಾವಾಗ ಗೊತ್ತಾಯ್ತು, ಕೋದಂಡಣ್ಣ?"

ಸುಳ್ಳು ಹೇಳಬಹುದಿತ್ತು. "ಮೊದಲ್ನೇ ದಿನಾನೇ" ಎಂದು ಚಪ್ಪಲಿ ಮೆಟ್ಟಿದರು.

ಆ ನವಮಿಗೆ ಮಂದಿರದಲ್ಲಿ ಮಾವಿನ ಪೆಟ್ಟಿಗೆಗಳೇ ಹಾಡಿದವು. ವೆಂಕಟರಾಯಪ್ಪನವರಿಗೆ ಹೋಗಿ ಹೇಳಿದವರು ಮಾವನವರೇ. ಹಾರ್ನ್‌ಗಳನ್ನು ಮಾತ್ರ ಈ ಸಲವೂ ಹಿಂದಿನ ದಿನ ತಿಕ್ಕಿ ಬಿಸಿಲಿಗಿಟ್ಟು, ಮತ್ತೆ ಒಳಗಿಟ್ಟರು. ನವಮಿಯ ದಿನ ಎರಡು ಪೆಟ್ಟಿಗೆಗಳ ನಟ್ಟನಡುವೆ ಕಣ್ಣು ಮುಚ್ಚಿ ಕೂತು ರೆಕಾರ್ಡು ಮುಗಿಯುವವರೆಗೂ ಕೇಳಿದರು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು:

"ಹಸಿ ಮಾವು. ಮಳೆಗಾಲ ಬರ್ಲಿ, ಸಂದು ಬಿಡ್ತಾವೆ."

ಮಳೆಗಾಲ ಬಂತು. ಅವರು ವಾರಕ್ಕೊಂದು ಸಲ ಏನಾದರೂ ನೆಪ ಮಾಡಿಕೊಂಡು ಎದುರುಮನೆಗೆ ಹೋಗಿ, ಪೆಟ್ಟಿಗೆಯ ಮೂಲೆಗಳ ಮೇಲೆ ಹೆಬ್ಬೆರಳು ಆಡಿಸಿ ಬರುತ್ತಿದ್ದರು. ಸಂದು ಬಿಡಲಿಲ್ಲ.