ಜರಾಅತ್ ಅಂದರೆ ಜಿರಾಯತಿ ಅಲ್ಲ

ಅಕ್ಕಾ, ಶರಣಪ್ಪನ ಸಂಬಂಧ ತಪ್ಪಿಸಿದವನು ನಾನು. ಅಪ್ಪನ ಹಟ ಅದು ಎಂದು ನೀನು ಇಷ್ಟು ವರ್ಷ ಹೇಳಿದೆ, ನಾನು ಪಕ್ಕದಲ್ಲೇ ಕುಳಿತು ಹೂಂಗುಟ್ಟಿದೆ — ಸಾಕಾಗಿ ಹೋಗಿದೆ ನನಗೆ, ಆ ಹೂಂ ಹೂಂ.

ನಿಜಾಮನ ರಾಜ್ಯ ಹೋಗಿತ್ತು. ಯಾದಗಿರಿಯ ಕಚೇರಿಗಳಲ್ಲಿ ಇನ್ನು ಯಾವ ಭಾಷೆ ನಡೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ, ಉರ್ದು ಕಲಿತ ನನ್ನನ್ನು ಕೇಳುವವರೂ ಇರಲಿಲ್ಲ. ಆಗಲೇ ಸುರಪುರದಿಂದ ಶರಣಪ್ಪನ ಮನೆಯವರು ಹೇಳಿಕಳಿಸಿದರು: ಹುಡುಗ ಹೈದರಾಬಾದಿನ ಯೂನಿವರ್ಸಿಟಿಯಲ್ಲಿ ಜರಾಅತ್ ಓದುತ್ತಾನೆ ಎಂದು. ಉರ್ದುವಿನಲ್ಲಿ ಅದು ಕೃಷಿ ವಿದ್ಯೆ. ಆದರೆ ಮಳೆ ನಂಬಿದ ಹೊಲಕ್ಕೆ ನಾವು ಜಿರಾಯತಿ ಅನ್ನುತ್ತೇವಲ್ಲ — ಕಿರಾಣಿ ಅಂಗಡಿ ಬಿಟ್ಟರೆ ಬೇರೆ ಲೋಕ ಕಾಣದ ಅಪ್ಪನ ಕಿವಿಗೆ ಬಿದ್ದದ್ದು ಅದೇ.

"ಜಿರಾಯತಿ ಓದಾಕತ್ತಾನಂತ. ಹಂಗಂದ್ರ ಏನೋ?" ಎಂದು ನನ್ನನ್ನು ಕರೆದು ಕೇಳಿದ.

"ಅದೇ ಅಪ್ಪಾ. ಹೊಲದಾಗ ದುಡಿಯೋದು."

ಎತ್ತು ಕಟ್ಟಿ ಹೊಲದಲ್ಲಿ ಕುಂಟಿ ಹೊಡೆಯುವುದನ್ನು ಕಲಿಯಲು ಹೈದರಾಬಾದಿಗೆ ಹೋದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಅಪ್ಪ ಅಲ್ಲಿಗೇ ಮಾತು ಮುಗಿಸಿದ.

ನನಗೆ ಎಲ್ಲ ಗೊತ್ತಿತ್ತು. ರಜೆ ಮುಗಿಸಿ ಹೋಗುವಾಗೆಲ್ಲ ಶರಣಪ್ಪ ನನ್ನನ್ನು ನಮ್ಮ ಯಾದಗಿರಿ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ರೈಲು ಬರುವ ತನಕ ತಲೆ ತಿನ್ನುತ್ತಿದ್ದ — ಮಣ್ಣಂತೆ, ಬೀಜವಂತೆ, ಜೋಳದ ತೆನೆ ಕಪ್ಪಾಗಿಸುವ ಕಾಡಿಗೆ ರೋಗ ಯಾಕೆ ಬರುತ್ತದಂತೆ! ಓದು ಮುಗಿದರೆ ಸರಕಾರದ ಬೀಜದ ತೋಟ ನೋಡಿಕೊಳ್ಳಬಹುದು, ತಾಲೂಕಿನ ಅಧಿಕಾರಿ ಆಗಬಹುದು, ಕಾಲೇಜಿನಲ್ಲಿ ಕಲಿಸಬಹುದು, ಹೊಸ ತಳಿ ಬೆಳೆಸಬಹುದು. ಆ ಓದಿಗೆ ನಾನೂ ಪ್ರಯತ್ನಪಟ್ಟಿದ್ದೆ ಅಕ್ಕಾ. ಸೀಟು ಸಿಗಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಅಳಿಯನಾಗಿ ನಮ್ಮ ಪಡಸಾಲೆಯಲ್ಲಿ ಕುಳಿತು ದಿನವೂ ಅದನ್ನೇ... ಹೊಟ್ಟೆ ಉರಿಯಿತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಇಲ್ಲ.

ಅವನ ಹೆಸರು ಬಂದರೆ ನಿನ್ನ ರೊಟ್ಟಿ ಸೀಯುತ್ತಿತ್ತು, ಅದೂ ನನಗೆ ಗೊತ್ತಿತ್ತು. ಮರುದಿನ ನೀನು ತಲೆ ಎತ್ತದೆ ಕೇಳಿದೆ: "ಖರೇ ಏನೋ ತಮ್ಮಾ?" ಖರೇ ಅಂದೆ ನಾನು. ಆಮೇಲೆ ನಿನ್ನನ್ನು ಶಹಾಪುರದ ಹತ್ತಿ ವ್ಯಾಪಾರಿಗೆ ಕೊಟ್ಟರು — ಹೆಂಗಸರ ದನಿ ಪಡಸಾಲೆಗೆ ಕೇಳಬಾರದ ಮನೆಗೆ. ಮುಂದೆ ಅದೇ ಶರಣಪ್ಪ ಜೀಪಿನಲ್ಲಿ ನಿನ್ನ ಗಂಡನ ಅಂಗಡಿಗೆ ಬಂದ, ಒಳಗಿನಿಂದ ನೀನು ಚಹಾ ಕಳಿಸಿದೆ. ಹೊಲದಲ್ಲಿ ದುಡಿಯುವವನು ಸಾಹೇಬ ಹೇಗಾದ ಎಂದು ನನ್ನನ್ನೇ ಕೇಳಿದೆ. ಆಮೇಲೆ ಬೇರೆ ಏನೋ ಓದಿದನಂತೆ ಎಂದೆ ನಾನು. ಅದನ್ನೂ ನಂಬಿದೆ ನೀನು! ಸಿಟ್ಟು ಬರುತ್ತದೆ ನಿನ್ನ ಮೇಲೆ — ಬೇರೆ ಯಾರನ್ನಾದರೂ ಒಂದು ಮಾತು ಕೇಳಬಾರದಾಗಿತ್ತೇ? ತಮ್ಮ ಹೇಳಿದ, ಮುಗಿಯಿತು.

ಈಗ ನಿನ್ನ ಮೊಮ್ಮಗಳನ್ನು ನನ್ನ ಬಳಿ ಕಳಿಸಿದ್ದೀಯ. "ಈಕಿ ಜಿರಾಯತಿ ಓದ್ತೀನಿ ಅಂತಾಳ. ಅಪ್ಪಗ ಹೇಳಿದಂಗ ಈಕಿಗೂ ಬಿಡಿಸಿ ಹೇಳು" ಎಂದೆ ನೀನು.

ಬಿಡಿಸಿ ಹೇಳಿದೆ ಅಕ್ಕಾ. ಹೋಗು ಎಂದೆ. ಏನೇನು ಆಗಬಹುದು ಎಂದು ಆ ಕಟ್ಟೆಯ ಮೇಲೆ ಕೇಳಿದ್ದನ್ನೆಲ್ಲ ಹೇಳಿದೆ, ಒಂದನ್ನೂ ಮರೆತಿರಲಿಲ್ಲ. ಹುಡುಗಿ ಕಣ್ಣರಳಿಸಿ, "ಇದೆಲ್ಲಾ ನಿಮಗ ಯಾರ್ ಹೇಳಿದ್ರು ಮುತ್ಯಾ?" ಎಂದು ಕೇಳಿದಳು.

ನಾಳೆ ಹೇಳ್ತೀನಿ ಅಂದೆ. ಆ ಉತ್ತರ ಮೊದಲು ನಿನಗೆ ಸಲ್ಲಬೇಕು.