ಆರೈಕೆ ಬೇಡದ ಬಳ್ಳಿ

ಭಾಗ್ಯನಗರದಲ್ಲಿ ಮನೆ ಕಟ್ಟಿಸಿದ ಮೇಲೆ ನಮಗೆ ಸಿಕ್ಕ ದೊಡ್ಡ ಆಸ್ತಿಯೆಂದರೆ ಧೂಳು. ಗೇಟಿನಿಂದ ಪಡಸಾಲೆಯವರೆಗೆ ಕೆಂಪು ಮಣ್ಣಿನ ಅಂಗಳ. ಗಾಳಿ ಬೀಸಿದರೆ ಅದು ನೇರ ಅಡುಗೆಮನೆಗೆ ಬಂದು ಅನ್ನದ ಪಾತ್ರೆಯಲ್ಲಿ ಕೂರುತ್ತಿತ್ತು. ನಾನು ಇರಕಲ್ಲಗಡದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೆಳಿಗ್ಗೆ ಎಂಟರ ಬಸ್ಸು ಹಿಡಿಯಬೇಕು. ದಿನವೂ ಅಂಗಳ ಗುಡಿಸಿ ನೀರು ಚಿಮುಕಿಸುವುದರಿಂದ ಪಾರಾಗಲು, ನೆಲವನ್ನೇ ಮುಚ್ಚಿಬಿಡುವ, ವರ್ಷವಿಡೀ ಹಸಿರಾಗಿರುವ, ನನ್ನಿಂದ ಏನನ್ನೂ ಕೇಳದ ಗಿಡವೊಂದನ್ನು ಹುಡುಕಿದೆ.

ಗಂಗಾವತಿ ರಸ್ತೆಯ ನರ್ಸರಿಯವನು ನೆಲದ ಮೇಲೆ ಹಬ್ಬುವ, ಹಳದಿ ಹೂವಿನ ಬಳ್ಳಿ ತೋರಿಸಿದ.

“ಹಚ್ಚಿ ಮರ್ತಬಿಡ್ರಿ ಮೇಡಂ. ಇದಕ್ಕ ಏನೂ ಮಾಡೂದು ಬ್ಯಾಡ.”

ಸ್ಕೂಟರಿನ ಮೇಲೆ ಚೀಲ ಇಟ್ಟುಕೊಳ್ಳುತ್ತ ನನ್ನ ಗಂಡ ಹೇಳಿದರು: “ಏನೂ ಕೇಳಲಾರದ್ದು ಒಂದರ ಮನ್ಯಾಗ ಇರ್ಲಿ, ತಗೋ.”

ಮರೆಯುವುದಕ್ಕೆ ಮೊದಲು ಅದು ಬೇರು ಹಿಡಿಯಬೇಕಿತ್ತು. ಅದಕ್ಕಾಗಿ ಎರಡು ಹೊತ್ತು ನೀರು ಹಾಕಿದೆ. ಬಿಸಿಲಿಗೆ ಬಾಡಬಾರದೆಂದು ಕೋಲು ನೆಟ್ಟು, ನನ್ನ ಎರಡು ಹಳೆಯ ಸೀರೆಗಳನ್ನು ಚಪ್ಪರ ಮಾಡಿದೆ. ಆಡುಗಳು ನುಗ್ಗದಂತೆ ಗೇಟಿನ ಸಂದಿಗೆ ತಂತಿ ಕಟ್ಟಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಳ್ಳಿ ಅಂಗಳವನ್ನೆಲ್ಲ ಮುಚ್ಚಿತು. ಚಳಿ ಕಳೆದ ಮೇಲೆ ಗೇಟಿನ ಪಕ್ಕದ ಬೇವಿನ ಮರ ಎಲೆ ಉದುರಿಸತೊಡಗಿತು. ಕಸಬರಿಗೆ ಹಾಕಿದರೆ ಬಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ನಿಮಿಷದಲ್ಲಿ ಗುಡಿಸುತ್ತಿದ್ದ ಅಂಗಳದಲ್ಲಿ ಮುಕ್ಕಾಲು ಗಂಟೆ ಕೂತು ಕೈಯಿಂದ ಎಲೆ ಆರಿಸಿದೆ.

ಅದೇ ಹೊತ್ತಿಗೆ ಸಿದ್ದಾಪುರದಿಂದ ಅತ್ತೆ ಬಂದರು. ಭತ್ತದ ಗದ್ದೆಯಲ್ಲಿ ನಲವತ್ತು ವರ್ಷ ಕಸ ಕಿತ್ತ ಕೈ ಅವರದು. ನಮ್ಮ ಕಡೆ ಕಳೆಯನ್ನೂ ಕಸವೆಂದೇ ಅನ್ನುತ್ತಾರೆ. ಮೂರು ದಿನ ಕಟ್ಟೆಯ ಮೇಲೆ ಕೂತು ಅಂಗಳ ನೋಡಿದರು. ನಾಲ್ಕನೆಯ ದಿನ ನಾನು ಶಾಲೆಯಿಂದ ಬಂದಾಗ ಅರ್ಧ ಅಂಗಳ ಬೋಳಾಗಿ, ನೀರು ಚಿಮುಕಿಸಿಕೊಂಡು, ಕೆಂಪಗೆ ಹೊಳೆಯುತ್ತಿತ್ತು. ನಡುವೆ ದೊಡ್ಡ ರಂಗೋಲಿ. ಬಳ್ಳಿ ಗೇಟಿನ ಹೊರಗೆ ಗುಡ್ಡೆಯಾಗಿತ್ತು; ಯಾರದೋ ಎಮ್ಮೆ ಅದನ್ನು ಮೂಸಿ, ಬೇಡವೆಂದು ಮುಂದೆ ಹೋಯಿತು.

“ನಿನಗ ಸಾಲಿ ಕೆಲಸನ ಭಾಳ. ಅಂಗಳದಾಗ ಇಷ್ಟು ಕಸ ಬೆಳದೈತಿ, ನೋಡಿದವ್ರು ಏನಂದಾರು? ಉಳದದ್ದು ನಾಳೆ ತಗೀತೀನಿ,” ಎಂದರು ಅತ್ತೆ.

ಅವರ ಬೆರಳುಗಳಲ್ಲಿ ಬೊಬ್ಬೆಗಳೆದ್ದಿದ್ದವು. ಬಂದ ಸಿಟ್ಟನ್ನು ಚೀಲದ ಜೊತೆ ಕಟ್ಟೆಯ ಮೇಲಿಟ್ಟೆ.

“ಅತ್ತಿ, ಅದನ್ನ ನಾವ ತಂದು ಹಚ್ಚೇವ್ರಿ.”

“ಕಸಾನ ತಂದು ಹಚ್ಚೀರಿ?”

ಅವರು ಆಗಷ್ಟೇ ಮನೆಗೆ ಬಂದ ಮಗನ ಮುಖ ನೋಡಿದರು. ಮಗರಾಯರು ಫೋನು ನೋಡಿದರು.

ಆ ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ನಾನು ಎದ್ದು ಹೊರಗೆ ಬಂದರೆ, ಗುಡ್ಡೆಯಿಂದ ಹಸಿರು ತುಂಡುಗಳನ್ನು ಆರಿಸಿಕೊಂಡು, ಭತ್ತದ ನಾಟಿ ಮಾಡಿದಂತೆ ಸಾಲು ಹಿಡಿದು, ಹಿಂದಹಿಂದಕ್ಕೆ ಸರಿಯುತ್ತ ಊರುತ್ತಿದ್ದರು. ಅವು ನಾನು ಹಚ್ಚಿದ್ದಕ್ಕಿಂತ ಬೇಗ ಚಿಗುರಿದವು. ಅಲ್ಲಿಂದ ಅಂಗಳ ಅವರದಾಯಿತು. ಬೆಳಗಾದರೆ ಕುಕ್ಕರಗಾಲಿನಲ್ಲಿ ಕೂತು ನಡುವೆ ನುಸುಳಿದ ಹುಲ್ಲು ಕೀಳುವರು, ಅಕ್ಕಿ ತೊಳೆದ ನೀರು ಹಾಕುವರು, ಎಲ್ಲೆ ಮೀರಿದ ತುದಿ ಕತ್ತರಿಸುವರು. ಓಣಿಯ ಹೆಂಗಸರು ಹೊಗಳಿದರೆ, “ನಮ್ಮ ಸೊಸಿ ಹಚ್ಚ್ಯಾಳ” ಅನ್ನುವರು. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಹೊಗಳಿಕೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಈ ಸಲ ನಾಟಿಯ ದಿನಗಳಲ್ಲಿ ಅತ್ತೆ ಊರಿಗೆ ಹೋದರು. ಒಂದು ಬೆಳಿಗ್ಗೆ ನಾನೇ ಕಸ ಕೀಳಲು ಕೂತೆ. ಯಾವುದು ಕಸ, ಯಾವುದು ಬಳ್ಳಿಯ ಎಳೆಚಿಗುರು, ಗೊತ್ತಾಗಲಿಲ್ಲ. ಮಕ್ಕಳಿಗೆ ಎಲೆಯ ಭಾಗಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುವವಳು ನಾನು. ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಗದ್ದೆಯ ಬದುವಿನ ಮೇಲೆ ನಿಂತವರ ಅರ್ಧ ಮುಖ, ಪೂರ್ತಿ ಆಕಾಶ ಕಂಡವು.

“ಅದಲ್ಲವ್ವ, ಅದರ ಬಾಜೂಕಿಂದು. ಏ, ಅದನ್ಯಾಕ ಕಿತ್ತಿ? ಊರು, ವಾಪಸ್ ಊರು!”

ಊರಿದೆ. ಅಷ್ಟರಲ್ಲಿ ಗಂಟೆ ಎಂಟು ದಾಟಿತ್ತು.

“ಹೋಗ್ಲಿ ಬಿಡು. ಐತಾರ ನಾ ಬರ್ತೀನಿ. ಅಲ್ಲಿತನ ಏನೂ ಮುಟ್ಟಬ್ಯಾಡ,” ಎಂದು ಅತ್ತೆ ಫೋನು ಇಟ್ಟರು.

ಉಗುರಿನ ಮಣ್ಣು ತೊಳೆದುಕೊಂಡು ಮುಂದಿನ ಬಸ್ಸಿಗೆ ಹೋದೆ. ತಡವಾದದ್ದಕ್ಕೆ ಹೆಡ್ ಮಾಸ್ತರರಿಗೆ ಏನು ಹೇಳಲೆಂದು ದಾರಿಯುದ್ದಕ್ಕೂ ಯೋಚಿಸಿದೆ. ಕೊನೆಗೆ, ಬಸ್ಸು ಕೆಟ್ಟಿತ್ತು ಎಂದೆ.