ಹಿತ್ತಿಲ ಹಾವುರಾಣಿ

ಹಾವುರಾಣಿಗೆ ವಿಷವಿಲ್ಲ. ಅದು ನೆಕ್ಕಿದರೆ ಸಾಯುತ್ತಾರೆಂದು ನಮ್ಮ ಕಡೆ ಈಗಲೂ ನಂಬುವವರಿದ್ದಾರೆ. ಐವತ್ತರ ದಶಕದಲ್ಲಿ ನಾನೂ ನಂಬಿದ್ದೆ. ಆಗ ನಾನು ನಂಬದಿದ್ದುದು ನನ್ನ ಹೆಂಡತಿಯನ್ನು.

ವಿದ್ಯಾರಣ್ಯಪುರಂನಲ್ಲಿ ನಮ್ಮದು ಬಾಡಿಗೆ ಮನೆ. ಹೈಸ್ಕೂಲು ಮುಗಿಸಿ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಲವಾಲದಿಂದ ಮದುವೆಯಾಗಿ ಬಂದವಳು ಹಗಲೆಲ್ಲ ಒಬ್ಬಳೇ. ಹಿತ್ತಿಲ ಗೋಡೆಯಾಚೆ ಒಬ್ಬ ಕಾಲೇಜು ಹುಡುಗನಿದ್ದ, ಶಿಳ್ಳೆ ಹಾಕುತ್ತಿದ್ದ. ನನಗೆ ಅಷ್ಟು ಸಾಕಾಯಿತು. ಸಂಜೆ ಬಂದವನೇ ಎರಡು ಲೋಟ ತೊಳೆದಿಟ್ಟಿದ್ದಾಳೆಯೇ ಎಂದು ನೋಡುತ್ತಿದ್ದೆ. ಪಾತ್ರೆಯಲ್ಲಿ ಅನ್ನ ಕಡಿಮೆಯಾದರೆ ಯಾರು ಉಂಡರೆಂದು ಯೋಚಿಸುತ್ತಿದ್ದೆ.

ಒಂದು ಮಧ್ಯಾಹ್ನ ತಲೆನೋವೆಂದು ಸುಳ್ಳು ಹೇಳಿ ಬಂದೆ. ಹಿತ್ತಿಲಿನಿಂದ ಅವಳ ದನಿ, ಮೆಲ್ಲಗೆ:

“ಹೆದರ್ಕೋಬೇಡ ಕಣೋ. ಅವರು ಬರೋದು ಸಂಜೆಗೆ ಬುಡು. ಇನ್ನೊಂಚೂರು ಕೂತ್ಕೋ.”

ಕಣೋ ಎಂದಳು. ಹೆಂಗಸಾಗಿದ್ದರೆ ಕಣೇ ಎನ್ನಬೇಕಿತ್ತು. ಕೈಯಲ್ಲಿದ್ದ ಕೊಡೆಯನ್ನೇ ಎತ್ತಿಕೊಂಡು ನುಗ್ಗಿದೆ. “ಎಲ್ಲಿ ಅವನು?”

ಒಗೆಯುವ ಕಲ್ಲಿನ ಪಕ್ಕ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ಎದುರಿಗೆ ಬೆರಳುದ್ದದ ಹಾವುರಾಣಿ ಮರಿ. ಎಣ್ಣೆ ಸವರಿದಂಥ ಕಂದು ಮೈ, ಕೆಂಪು ಬಾಲ. ಅವಳು ಚೆಲ್ಲಿದ್ದ ಅನ್ನಕ್ಕೆ ಮುತ್ತಿದ ಇರುವೆಗಳನ್ನು ಹೆಕ್ಕುತ್ತಿತ್ತು. ಕೊಡೆ ಬೀಸಿದೆ. ಅದು ಕಲ್ಲಿನಡಿ ನುಸುಳಿತು. ಕಳಚಿದ ಬಾಲ ಮಾತ್ರ ಹೊರಗೆ ಒದ್ದಾಡುತ್ತಿತ್ತು.

“ವಿಷದ್ದು, ಅದಕ್ಕೇ ಹೊಡೆದೆ” ಎಂದೆ.

“ಎಲ್ಲಿ ಅವನು ಅಂದ್ರಲ್ಲ, ಯಾರನ್ನ?”

ನಾನು ಅವಳ ಮೇಲೇ ತಿರುಗಿಬಿದ್ದೆ. “ರಾಣಿಗೆ ಯಾರಾದ್ರೂ ಕಣೋ ಅಂತಾರಾ?”

“ಮಗೂಗೆ ಇನ್ನೇನಂತಾರೆ ಕಣ್ರೀ?”

ನಮಗಿನ್ನೂ ಮಕ್ಕಳಾಗಿರಲಿಲ್ಲ.

ಕೆಲವು ವಾರಗಳ ಮೇಲೆ ಮೋಟು ಬಾಲದ ಮರಿ ಮತ್ತೆ ಬಿಸಿಲಿಗೆ ಬಂತು. ಹೊಸ ಬಾಲ ಬೆಳೆಯಿತು, ಕೆಂಪಲ್ಲ, ಮಣ್ಣಿನ ಬಣ್ಣ. ಬೆಳೆದಂತೆ ಹೇಗಿದ್ದರೂ ಆ ಕೆಂಪು ಮಾಸುತ್ತದಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಅದನ್ನೂ ನಾನೇ ಕಳೆದೆನೆಂದುಕೊಂಡಿದ್ದೆ. ಅವಳು ಅನ್ನ ಹಾಕುವುದನ್ನು ಬಿಡಲಿಲ್ಲ. ಅದರೊಡನೆ ಮಾತಾಡುವುದನ್ನು ಬಿಟ್ಟಳು.

ನಾನು ಕದ್ದು ಬರುತ್ತಿಲ್ಲವೆಂದು ಅವಳಿಗೆ ಗೊತ್ತಾಗಲೆಂದು ಗೇಟಿನಲ್ಲೇ ಕೆಮ್ಮುವ ಅಭ್ಯಾಸ ಮಾಡಿಕೊಂಡೆ. ತಪ್ಪಾಯಿತು ಎನ್ನಬೇಕಾದ ಬಾಯಲ್ಲಿ ಕೊನೆತನಕ ಕೆಮ್ಮಿದೆ. ಒಲೆಯ ಮುಂದಿನಿಂದ, ತಿರುಗದೆ, ಅವಳು ಹೇಳುತ್ತಿದ್ದಳು:

“ಬನ್ನಿ, ಯಾರೂ ಇಲ್ಲ.”